ಕಿತ್ತಳೆ ಸಸಿಗೆ ಹಣ ಕೊಡುವ ಮುನ್ನ ಕಸಿಯ ಗಂಟನ್ನು ನೋಡಿ

ಮುಂಗಾರು ಹಿಡಿಯುತ್ತಿದ್ದಂತೆ ಮಲೆನಾಡಿನ ಸಂತೆಗಳಿಗೆ ಲಾರಿಗಳಲ್ಲಿ ಹಣ್ಣಿನ ಸಸಿಗಳು ಬರುತ್ತವೆ. ನಾಲ್ಕು ವರ್ಷಗಳ ಹಿಂದೆ ಅಂಥ ಒಂದು ಲಾರಿಯಿಂದ ‘ಕೊಡಗಿನ ಕಿತ್ತಳೆಯ ಕಸಿ’ ಎಂದು ನಂಬಿ 40 ಸಸಿಗಳನ್ನು ತಂದು, ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ನೆಟ್ಟೆ. ಈ ವರ್ಷ ಅವು ಮೊದಲ ಫಸಲು ಕೊಟ್ಟಿವೆ. ಅವುಗಳಲ್ಲಿ 31 ಗಿಡಗಳು ಕಿತ್ತಳೆಯೇ ಅಲ್ಲ.

ಮೊದಲ ಹಣ್ಣನ್ನು ಅಮ್ಮ ಸುಲಿದರು. ಸಿಪ್ಪೆ ಸಲೀಸಾಗಿ ಬಿಟ್ಟುಬಂತು, ತೊಳೆಗಳೂ ಕೇಸರಿ ಬಣ್ಣಕ್ಕೇ ಇದ್ದವು. ಒಂದು ತೊಳೆ ಬಾಯಿಗೆ ಹಾಕಿಕೊಂಡವರು ಮುಖ ಕಿವುಚಿ, “ಇದು ಉಪ್ಪಿನಕಾಯಿಗೆ ಆಗೋ ಹಣ್ಣು ಕಣೋ” ಎಂದು ಉಳಿದದ್ದನ್ನು ತಟ್ಟೆಗೆ ಇಟ್ಟುಬಿಟ್ಟರು. ಅದು ರಂಗ್‌ಪುರ ನಿಂಬೆ. ಹೆಸರು ನಿಂಬೆಯದಾದರೂ ಇದು ಕಿತ್ತಳೆ ಮತ್ತು ಮಾದಳದ ಜಾತಿಗಳು ಬೆರೆತು ಹುಟ್ಟಿದ ಗಿಡ; ನೋಟಕ್ಕೆ ಕಿತ್ತಳೆ, ರುಚಿಗೆ ಕಡು ಹುಳಿ. ಇದರ ಬೇರು ಬರವನ್ನೂ, ಕಿತ್ತಳೆ ಜಾತಿಯ ಗಿಡಗಳನ್ನು ಸೊರಗಿಸುವ ಟ್ರಿಸ್ಟೆಜಾ ವೈರಸ್ಸನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುವುದರಿಂದ, ಕಿತ್ತಳೆ, ಮೂಸಂಬಿಗಳ ಚಿಗುರೊಡೆಯುವ ಕಣ್ಣನ್ನು ಇದರ ಸಸಿಯ ಮೇಲೆ ಕಸಿ ಕಟ್ಟುವುದು ವಾಡಿಕೆ. ನಿಜವಾದ ಕೊಡಗಿನ ಕಿತ್ತಳೆಯ ಸಿಪ್ಪೆ ಹಸಿರು ಬೆರೆತ ಹಳದಿಯಾಗಿದ್ದು, ತೊಳೆಗೆ ತುಸು ಬಿಗಿಯಾಗಿಯೇ ಅಂಟಿಕೊಂಡಿರುತ್ತದೆ.

ಗಿಡಗಳ ಬುಡ ಬಿಡಿಸಿ ನೋಡಿದಾಗ 24ರಲ್ಲಿ ಕಸಿಯ ಗುರುತೇ ಇರಲಿಲ್ಲ. ಕಸಿಗೆ ಬೇರು ಕೊಡುವ ರಂಗ್‌ಪುರ ನಿಂಬೆಯ ಬರಿಯ ಸಸಿಯನ್ನೇ ಕಸಿಯೆಂದು ಮಾರಿದ್ದರು. ಉಳಿದ 7ರಲ್ಲಿ ಕಸಿ ಕಟ್ಟಿದ ಕಣ್ಣು ಒಣಗಿ, ಅದರ ಕೆಳಗಿನಿಂದ ಒಡೆದ ಚಿಗುರೇ ಮರವಾಗಿತ್ತು. ಆ ಚಿಗುರುಗಳನ್ನು ಆಗಾಗ ಚಿವುಟಿ ತೆಗೆಯಬೇಕಿತ್ತು, ಅದು ನನ್ನಿಂದಲೇ ಆದ ತಪ್ಪು. ಹೂವಿನಲ್ಲೂ ಸುಳಿವಿತ್ತು: ಕಿತ್ತಳೆಯ ಮೊಗ್ಗು ಅಚ್ಚ ಬಿಳಿ, ಇವುಗಳ ಮೊಗ್ಗಿಗೆ ನೇರಳೆ ಛಾಯೆ. ಕಣ್ಣಾರೆ ಕಂಡರೂ ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಆದ್ದರಿಂದ ಹಣ ಕೊಡುವ ಮೊದಲು ಸಸಿಯನ್ನು ಕೈಗೆತ್ತಿಕೊಂಡು, ಮಣ್ಣಿನಿಂದ ಒಂದು ಗೇಣಿನ ಆಸುಪಾಸಿನಲ್ಲಿ ಕಸಿಯ ಗಂಟು ಇದೆಯೇ, ಎಲೆಗಳೆಲ್ಲ ಆ ಗಂಟಿನ ಮೇಲಿನಿಂದಲೇ ಹೊರಟಿವೆಯೇ ಎಂದು ನೋಡಿ. ತಳಿಯ ಹೆಸರು ಬರೆದ ರಸೀದಿ ಕೊಡದವರಲ್ಲಿ ಕೊಳ್ಳಬೇಡಿ. ನನ್ನ ಬಳಿ ರಸೀದಿ ಇರಲಿಲ್ಲ, ಲಾರಿಯೂ ಮತ್ತೆ ಆ ಸಂತೆಗೆ ಬರಲಿಲ್ಲ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಎಲೆ ಹಳದಿಯಾಗಿ ಗಿಡ ಸೊರಗುವ ಗ್ರೀನಿಂಗ್ ರೋಗ. ಕೊಡಗಿನ ಕಿತ್ತಳೆ ತೋಟಗಳನ್ನು ಸೊರಗಿಸಿದ ರೋಗಗಳಲ್ಲಿ ಅದೂ ಒಂದು. ಸೋಂಕಿದ ಮರದಿಂದ ತೆಗೆದ ಕಣ್ಣಿನ ಮೂಲಕವೂ ಹರಡುತ್ತದೆ, ತಗುಲಿದ ಗಿಡಕ್ಕೆ ಮದ್ದಿಲ್ಲ. ಸಸಿ ಬೇಕಾದವರು ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿಯೋ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಲ್ಲಿಯೋ ಮುಂಚಿತವಾಗಿ ವಿಚಾರಿಸಿ.

ನಮ್ಮ 31 ಗಿಡಗಳ ಬೇರು ಗಟ್ಟಿಯಾಗಿರುವುದರಿಂದ ಕಿತ್ತು ಹಾಕಿಲ್ಲ. ರೋಗವಿಲ್ಲದ ಮರದ ಕಣ್ಣು ಸಿಕ್ಕರೆ, ಅವುಗಳಿಂದ ಬರುವ ಹೊಸ ಚಿಗುರಿಗೆ ಕಿತ್ತಳೆಯನ್ನು ಕಸಿ ಕಟ್ಟಿಸಬೇಕೆಂದಿದ್ದೇನೆ.