ಸೈಟಿನ ಧೂಳಿಗೂ ಮನೆಯ ಹಾಸಿಗೆಗೂ ಒಂದೇ ವ್ಯಾಕ್ಯೂಮ್ ತಗೋಬೇಡಿ

ಮೈಸೂರಿನಲ್ಲಿ 11 ವರ್ಷದಿಂದ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ವ್ಯಾಕ್ಯೂಮ್ ಕ್ಲೀನರ್ ತಗೊಂಡೆ. ಸೈಟಿಗೂ ಆಗುತ್ತೆ, ಮನೆಗೂ ಆಗುತ್ತೆ ಅನ್ನೋದು ನನ್ನ ಲೆಕ್ಕ. 23 ದಿನಕ್ಕೆ ಮೋಟರ್ ಸುಟ್ಟು ಹೋಯಿತು. ದುಡ್ಡು ಹೋದರೆ ಹೋಗಲಿ, ಮತ್ತೆ ದುಡಿಯಬಹುದು. ಆದರೆ ಅದಕ್ಕೂ ಮುಂಚೆ ನನ್ನ ಮಗಳು ಪಟ್ಟ ಪಾಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ವ್ಯಾಟ್ ಅಂತ. "1600 ವ್ಯಾಟ್ ಸಾರ್. ನೀರೂ ಎಳೆಯುತ್ತೆ, ಮೊಳೆನೂ ಎಳೆಯುತ್ತೆ" ಅಂದ ಹುಡುಗ. 6,800 ರೂಪಾಯಿ ಕೊಟ್ಟು ತಂದೆ. ವ್ಯಾಟ್ ಅಂದರೆ ಮಷೀನ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನೋದು, ಅಷ್ಟೇ. ಎಳೆದ ಧೂಳನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತಾ ಇಲ್ವಾ ಅನ್ನೋದನ್ನು ಅದು ಹೇಳುವುದಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ಇನ್ನೊಂದು ಮಾತು. 1600 ವ್ಯಾಟ್ ಅಂದರೆ ಸುಮಾರು 7 ಆಂಪಿಯರ್. ನಮ್ಮ ಮನೆಗಳ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಎರಡನೇ ವಾರದಲ್ಲೇ ನನ್ನ ಎಕ್ಸ್‌ಟೆನ್ಷನ್ ಬೋರ್ಡ್ ಕರಗಿ ವಾಸನೆ ಬಂತು. ಇಂಥ ಮಷೀನನ್ನು 16 ಆಂಪಿಯರ್ ಪಾಯಿಂಟಿಗೇ ಹಾಕಿ.

ಒಂದು ಶನಿವಾರ ಕುವೆಂಪುನಗರದ ಒಂದು ಮನೆಯಲ್ಲಿ ಕೆಲಸ. ಬೆಳಿಗ್ಗೆ ಬಾತ್‌ರೂಮಿನಲ್ಲಿ ನಿಂತಿದ್ದ ನೀರನ್ನು ಹುಡುಗರು ಅದೇ ಮಷೀನಿನಲ್ಲಿ ಎಳೆದರು. ನೀರಿಗೆ ಬೇರೆ ಸ್ಪಂಜ್ ಫಿಲ್ಟರ್ ಹಾಕಬೇಕಿತ್ತು, ಹಾಕಲಿಲ್ಲ. ಮಡಿಕೆ ಮಡಿಕೆಯಾಗಿರುವ ಕಾಗದದ ಫಿಲ್ಟರ್ ಒದ್ದೆಯಾಯಿತು. ಮಧ್ಯಾಹ್ನ, ಗೋಡೆ ನುಣುಪು ಮಾಡಲು ಬಳಿಯುವ ಪುಟ್ಟಿ ಪುಡಿಯ ಚೀಲ ಒಡೆದು ಚೆಲ್ಲಿತು. ಅದನ್ನೂ ಎಳೆದರು. 180 ನಂಬರ್ ಎಮರಿ ಕಾಗದದಲ್ಲಿ ಗೋಡೆ ಉಜ್ಜಿದ ಪುಡಿಯನ್ನೂ ಎಳೆದರು. ಪುಟ್ಟಿಯಲ್ಲಿ ಇರೋದು ವೈಟ್ ಸಿಮೆಂಟ್ ಅಲ್ವಾ? ಒದ್ದೆ ಸಿಕ್ಕಿದರೆ ಗಟ್ಟಿಯಾಗುತ್ತದೆ. ಸಂಜೆ ಮುಚ್ಚಳ ತೆಗೆದಾಗ ಫಿಲ್ಟರ್ ತಣ್ಣಗಾದ ಅಕ್ಕಿರೊಟ್ಟಿ ಹಾಗೆ ಸೆಟೆದುಕೊಂಡಿತ್ತು. ಕಾಂಪೌಂಡಿಗೆ ಎರಡು ಸಲ ಬಡಿದೆ. ಪುಡಿ ಉದುರಿತು. ಜೊತೆಗೆ ಮಡಿಕೆಗಳ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನಾನು ಗಮನಿಸಲಿಲ್ಲ. ಹಾಗೇ ಮನೆಗೆ ತಂದೆ.

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಅದರಲ್ಲೇ ಹಾಸಿಗೆ ಕ್ಲೀನ್ ಮಾಡಿದಳು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. "ರೀ, ಬನ್ನಿ ಇಲ್ಲಿ, ಇದು ಹಿಂದಿನಿಂದ ಉಗುಳ್ತಾ ಇದೆ" ಅಂತ ಕೂಗಿದಳು. ಹೋಗಿ ನೋಡಿದರೆ ಮಷೀನಿನ ಹಿಂದಿನ ಕಿಂಡಿಯಿಂದ ಬಿಳಿ ಹೊಗೆ ಹಾಗೆ ಪುಡಿ ಬರುತ್ತಿದೆ. ಬಿಸಿಲಿನಲ್ಲಿ ತೇಲಿ ತೇಲಿ ದಿಂಬಿನ ಮೇಲೆ, ಮಗಳ ಹೊದಿಕೆಯ ಮೇಲೆ ಕೂರುತ್ತಿದೆ. ಸೈಟಿನಲ್ಲಿ ಎರಡು ವಾರ ಗುಡಿಸಿದ್ದನ್ನೆಲ್ಲ ನಾನೇ ತಂದು ಅವಳ ಹಾಸಿಗೆಗೆ ಸುರಿದ ಹಾಗಾಯಿತು. ಅವಳಿಗೆ 6 ವರ್ಷ, ಮೊದಲೇ ಉಬ್ಬಸ. ಅವತ್ತು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. "ಮನೆಯಲ್ಲಿ ಏನಾದ್ರೂ ಧೂಳಿನ ಕೆಲಸ ನಡೀತಿದೆಯಾ?" ಅಂತ ಡಾಕ್ಟರ್ ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನೆಬ್ಯುಲೈಸರ್ ಹಾಕಿದ ಮೇಲೆ ಬೆಳಗಿನ ಜಾವಕ್ಕೆ ನಿದ್ದೆ ಹತ್ತಿತು. ಈಗ ಚೆನ್ನಾಗಿದ್ದಾಳೆ.

ಮುಂದಿನ ವಾರ ಮೋಟರ್ ನಿಂತಿತು. ಸರ್ವಿಸ್‌ನವರು ಬಿಚ್ಚಿ ತೋರಿಸಿದರು. ಬೇರಿಂಗ್ ತುಂಬಾ ಬಿಳಿ ಪುಡಿ, ಕಾರ್ಬನ್ ಬ್ರಷ್ ಪೂರ್ತಿ ಸವೆದಿದೆ. ವಾರಂಟಿ ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ "ಮನೆ ಬಳಕೆಗೆ ಮಾತ್ರ" ಅಂತ ಇತ್ತು. ಆ ಪುಡಿ ಕಂಡ ಮೇಲೆ ನಾನು ಏನು ವಾದ ಮಾಡಲಿ?

ನನ್ನದು ಪುಟ್ಟಿ. ಟೈಲ್ಸ್, ಗ್ರಾನೈಟ್ ಕತ್ತರಿಸುವವರದು, ಕಾಂಕ್ರೀಟ್ ಗೋಡೆ ಕೊರೆಯುವ ಎಲೆಕ್ಟ್ರಿಷಿಯನ್‌ಗಳದು ಇನ್ನೂ ಅಪಾಯದ ಧೂಳು. ಅದರಲ್ಲಿ ಸಿಲಿಕಾ, ಅಂದರೆ ಕಲ್ಲು ಮರಳಿನಲ್ಲಿರುವ ಖನಿಜ, ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ಒಳಗೆ ಹೋಗಿ ಕೂತರೆ ಸಿಲಿಕೋಸಿಸ್ ಅನ್ನೋ ಕಾಯಿಲೆ ಬರುತ್ತದೆ. ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಧೂಳನ್ನು ಸೇರಿಸಿದೆ. ಮರದ ಧೂಳೂ ಅದೇ ಗುಂಪಿನಲ್ಲಿದೆ. ಕಾರ್ಪೆಂಟರ್ ಅಣ್ಣಂದಿರು ಇದನ್ನು ದಯವಿಟ್ಟು ಗಮನಿಸಿ. ಅಡುಗೆಮನೆ ಕಟ್ಟೆಗೆ ಹಾಕುವ ಫ್ಯಾಕ್ಟರಿ ಕ್ವಾರ್ಟ್ಜ್ ಕಲ್ಲಿನಲ್ಲಿ ಸಿಲಿಕಾ 90 ಪರ್ಸೆಂಟ್ ದಾಟುವುದೂ ಉಂಟು. ಆ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದೆ. ನಮ್ಮ ಹುಡುಗರು ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ಅದನ್ನು ಒಣಗಿದ್ದಾಗಲೇ ಕತ್ತರಿಸುತ್ತಾರೆ. ನೀರು ಬಿಟ್ಟುಕೊಂಡು ಕತ್ತರಿಸಿದರೆ ಧೂಳು ಹಾರುವುದೇ ಎಷ್ಟೋ ಕಡಿಮೆಯಾಗುತ್ತದೆ.

ಹಾಗಾದರೆ ಯಾವುದು ತಗೋಬೇಕು? ಸೈಟಿಗೆ ಅಂತಲೇ ಮಾಡಿದ ಮಷೀನುಗಳ ಮೇಲೆ ಧೂಳು ಹಿಡಿಯುವ ದರ್ಜೆ ಎಲ್, ಎಂ, ಎಚ್ ಅಂತ ಬರೆದಿರುತ್ತದೆ. ಎಲ್ ಎಲ್ಲಕ್ಕಿಂತ ಕೆಳಗಿನದು, ಎಚ್ ಎಲ್ಲಕ್ಕಿಂತ ಮೇಲಿನದು. ಎಂ ದರ್ಜೆಯದು 99.9 ಪರ್ಸೆಂಟ್ ಧೂಳು ಹಿಡಿಯಬೇಕು. ಸಿಲಿಕಾ, ಮರದ ಧೂಳಿಗೆ ಕಡಿಮೆ ಅಂದರೂ ಅದು ಬೇಕು. ಬೆಲೆ ಜಾಸ್ತಿ, ನಿಜ. ಒಳಗೆ ಬ್ಯಾಗ್ ಹಾಕುವಂಥದ್ದೇ ನೋಡಿ. ಬ್ಯಾಗ್ ಇಲ್ಲದಿದ್ದರೆ ಖಾಲಿ ಮಾಡುವಾಗ ಎಲ್ಲ ಮತ್ತೆ ಮುಖಕ್ಕೇ ಬರುತ್ತದೆ. ಆ ಬ್ಯಾಗ್, ಫಿಲ್ಟರ್ ನಿಮ್ಮ ಊರಿನಲ್ಲೇ ಸಿಗುತ್ತಾ, ಎಷ್ಟಕ್ಕೆ ಸಿಗುತ್ತೆ ಅಂತ ಮೊದಲೇ ಕೇಳಿ. ಮನೆಗೆ ಬೇರೆ ಸಣ್ಣದು ಇರಲಿ. ಅದರಲ್ಲಿ ಪುಟ್ಟಿ, ಸಿಮೆಂಟ್ ಎಳೆಯಲೇಬೇಡಿ. ನೀರು ಎಳೆಯದ ಮನೆ ಮಷೀನುಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಎಳೆದ ಗಾಳಿಯೇ ಮೋಟರನ್ನು ತಂಪು ಮಾಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ನಿಂತು ಮೋಟರ್ ಬಿಸಿಯಾಗುತ್ತದೆ.

ಸೈಟಿನ ಮಷೀನ್ ಕೊಳ್ಳಲು ಹೋಗುವಾಗ ಒಂದು ಕವರಿನಲ್ಲಿ ಪುಟ್ಟಿ ಪುಡಿ ತಗೊಂಡು ಹೋಗಿ. ಅದನ್ನು ಎಳೆಸಿ, ಗಾಳಿ ಹೊರಗೆ ಬರುವ ಕಿಂಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕಿನಲ್ಲಿ ಪುಡಿ ಕಂಡರೆ ಆ ಮಷೀನ್ ಬೇಡ. ಕಾಣದಿದ್ದರೂ ದರ್ಜೆ ಓದಿಯೇ ತಗೊಳ್ಳಿ, ಅಪಾಯದ ಕಣ ಟಾರ್ಚಿಗೂ ಕಾಣುವುದಿಲ್ಲ. ಎರಡು ಅಂಗಡಿಯವರು ನನಗೆ ಆಗಲ್ಲ ಅಂದರು. ಮೂರನೆಯವರು ಷಟರ್ ಅರ್ಧ ಎಳೆದು, ಲೈಟ್ ಆರಿಸಿ, ತಾವೇ ಟಾರ್ಚ್ ಹಿಡಿದರು. ಪೂರ್ತಿ ಕವರ್ ಎಳೆದರೂ ಕಿಂಡಿಯ ಮುಂದೆ ಏನೂ ಕಾಣಲಿಲ್ಲ. ಲೇಬಲ್ ಮೇಲೆ ಎಂ ಇತ್ತು. ಅದನ್ನೇ ತಗೊಂಡೆ. ಅದು ಗೋಡೌನಿನಲ್ಲೇ ಇರುತ್ತದೆ, ಮನೆಗೆ ತರುವುದಿಲ್ಲ.