ಮೋಟಾರ್‌ಸ್ಪೋರ್ಟ್ ನಿರ್ವಹಣೆ ಮತ್ತು ಸರಕು ಸಾಗಣೆಯ ಪದವಿ: ಓದಿ ಬಂದವನ ವಿಮರ್ಶೆ

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಸರ್ಕ್ಯೂಟಿಗೆ ಹೆಚ್ಚು ದೂರವಿಲ್ಲದ ಒಂದು ಕಾಲೇಜಿನಲ್ಲಿ ನಾನು ಈ ಮೂರು ವರ್ಷದ ಪದವಿಯನ್ನು ಓದಿದೆ. ಕೋರ್ಸಿನ ಹೆಸರಿನಲ್ಲಿ ನಿರ್ವಹಣೆ ಮೊದಲು, ಸಾಗಣೆ ಆಮೇಲೆ ಬರುತ್ತದೆ. ಆದರೆ ಕೊಟ್ಟ ಹಣಕ್ಕೆ ಬೆಲೆ ಸಿಕ್ಕಿದ್ದು ಎರಡನೆಯದರಲ್ಲಿ ಮಾತ್ರ.

ಫಾರ್ಮುಲಾ ಒನ್ ತಂಡಗಳು ಯುರೋಪಿನೊಳಗಿನ ರೇಸುಗಳಿಗೆ ಲಾರಿಗಳಲ್ಲಿ ಹೊರಡುತ್ತವೆ. ದೂರದ ರೇಸುಗಳಿಗೆ ಕಾರು, ಎಂಜಿನ್ ವಿಮಾನದಲ್ಲಿ ಹೋದರೆ, ಗ್ಯಾರೇಜಿನ ಗೋಡೆಯ ಫಲಕ, ಮೇಜು, ಅಡುಗೆ ಸಾಮಾನುಗಳಂಥವು ಒಂದೇ ಬಗೆಯ ಹಲವು ಸೆಟ್‌ಗಳಾಗಿ ವಾರಗಟ್ಟಲೆ ಮುಂಚೆಯೇ ಹಡಗು ಹತ್ತುತ್ತವೆ. ಯಾವುದು ಯಾವಾಗ ಎಲ್ಲಿರಬೇಕೆಂಬ ಈ ಲೆಕ್ಕಾಚಾರವನ್ನು, ಹಿಂದೆ ಲಾರಿಗಳ ಉಸ್ತುವಾರಿ ನೋಡಿಕೊಂಡಿದ್ದ ಅಧ್ಯಾಪಕರೊಬ್ಬರು ಬಹಳ ಚೆನ್ನಾಗಿ ಕಲಿಸಿದರು. 2022ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾದ ಮೋಟೋಜಿಪಿ ಬೈಕ್ ರೇಸಿಗೆ ಸಾಮಾನು ಒಯ್ಯಬೇಕಿದ್ದ ವಿಮಾನ ಕೆನ್ಯಾದ ಮೊಂಬಾಸಾದಲ್ಲಿ ಕೆಟ್ಟು ನಿಂತು, ಶುಕ್ರವಾರದ ಅಭ್ಯಾಸ ರದ್ದಾಗಿ, ಎಲ್ಲವನ್ನೂ ಎರಡೇ ದಿನಕ್ಕೆ ತುರುಕಬೇಕಾಗಿ ಬಂದಿತ್ತು. ಆ ಶುಕ್ರವಾರ ಬೈಕುಗಳೇ ಬಾರದ ತಂಡವೊಂದರ ವ್ಯವಸ್ಥಾಪಕರ ಜಾಗದಲ್ಲಿ ಅಧ್ಯಾಪಕರು ತರಗತಿಯಲ್ಲಿ ನಮ್ಮನ್ನು ಕೂರಿಸಿ, ಗಂಟೆಗೊಂದು ಹೊಸ ಸುದ್ದಿ ಕೊಡುತ್ತಾ ಇಡೀ ದಿನ ಯೋಜನೆ ತಿದ್ದಿಸಿದರು.

ಬ್ರಿಟನ್ ಯುರೋಪಿನ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದ ಮೇಲೆ, 2021ರ ಜನವರಿಯಿಂದ ಅಲ್ಲಿನ ತಂಡಗಳು ಫ್ರಾನ್ಸಿಗೆ ಹೋಗಬೇಕಾದರೂ ಎಟಿಎ ಕಾರ್ನೆಟ್‌ನಂಥ ಕಾಗದಪತ್ರ ಬೇಕಾಗಿದೆ. ವಾಪಸು ತರುವ ಸಾಮಾನಿಗೆ ಸುಂಕ ಕಟ್ಟದೆ ಗಡಿ ದಾಟಲು ಅವಕಾಶ ಕೊಡುವ ಈ ಪತ್ರದಲ್ಲಿ ಪ್ರತಿ ವಸ್ತುವಿನ ತೂಕ, ಬೆಲೆ, ತಯಾರಾದ ದೇಶ ನಮೂದಾಗಬೇಕು. ನನ್ನ ಮೊದಲ ಪಟ್ಟಿಯಲ್ಲಿ ಚಕ್ರ ಬಿಚ್ಚುವ ವೀಲ್ ಗನ್, ಜ್ಯಾಕ್‌ಗಳ ಜೊತೆಗೆ ಆರು ಡಬ್ಬಿ ಬ್ರೇಕ್ ಕ್ಲೀನರ್ ಕೂಡ ಇತ್ತು. ಅಧ್ಯಾಪಕರು ಆ ಸಾಲಿಗೆ ಕೆಂಪು ಗೀಟು ಎಳೆದು, "ಬಳಸಿ ಮುಗಿಸಿದ್ದನ್ನು ವಾಪಸು ಹೇಗೆ ತರುತ್ತೀಯ?" ಎಂದು ಮಾತ್ರ ಬರೆದಿದ್ದರು. ಖರ್ಚಾಗಿಹೋಗುವ ವಸ್ತುವಿಗೆ ಕಾರ್ನೆಟ್ ಇಲ್ಲವೆಂಬುದನ್ನು ಆಮೇಲೆ ನಾನು ಮರೆತಿಲ್ಲ.

ನಿರ್ವಹಣೆಯ ಪಾಠಗಳ ಬಗ್ಗೆ ಹೇಳುವುದು ಕಡಿಮೆ. ಯಾವುದೇ ಬಿ.ಬಿ.ಎಂ. ತರಗತಿಯ ಮಾರ್ಕೆಟಿಂಗ್ ಟಿಪ್ಪಣಿಗೆ ರೇಸ್ ಕಾರಿನ ಚಿತ್ರ ಅಂಟಿಸಿದಂತಿದ್ದವು. ಪ್ರಾಯೋಜಕರ ಒಪ್ಪಂದವೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿಸಲಿಲ್ಲ.

ನನ್ನ ಮುಖ್ಯ ದೂರು ಪ್ರಾಯೋಗಿಕ ತರಬೇತಿಯ ಕುರಿತದ್ದು. ಬ್ರ್ಯಾಕ್ಲಿಯ ಮರ್ಸಿಡಿಸ್, ಮಿಲ್ಟನ್ ಕೀನ್ಸ್‌ನ ರೆಡ್ ಬುಲ್ ಫಾರ್ಮುಲಾ ಒನ್ ತಂಡಗಳೆಲ್ಲವೂ ಹತ್ತಿರದಲ್ಲೇ ಇವೆಯೆಂದು ಮಾಹಿತಿ ಪುಸ್ತಕ ಹೇಳುತ್ತದೆ. ಹತ್ತಿರವಿರುವುದೇನೋ ನಿಜ, ಆದರೆ ಅವುಗಳ ಬಾಗಿಲು ಕಾಲೇಜಿಗೆ ತೆರೆದಿದೆಯೆಂದು ಎಲ್ಲೂ ಬರೆದಿರಲಿಲ್ಲವೆಂಬುದು ಸೇರಿದ ಮೇಲಷ್ಟೇ ನನ್ನ ಗಮನಕ್ಕೆ ಬಂತು. ನನಗೆ ಸಿಕ್ಕಿದ್ದು ಕ್ಲಬ್ ಮಟ್ಟದ ರೇಸೊಂದರಲ್ಲಿ ವಾಹನ ನಿಲುಗಡೆಯ ಮೇಲ್ವಿಚಾರಣೆ. ಮೇಲಾಗಿ, ಪದವಿ ವಿದ್ಯಾರ್ಥಿಯ ವೀಸಾದಲ್ಲಿ ತರಗತಿಗಳಿರುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲವಾದ್ದರಿಂದ, ಗುರುವಾರದಿಂದ ಭಾನುವಾರ ರಾತ್ರಿಯವರೆಗೆ ಹಿಡಿಯುವ ರೇಸಿನ ಕೆಲಸವನ್ನು ನಮ್ಮಂಥವರು ಒಪ್ಪಿಕೊಳ್ಳುವುದೇ ಕಷ್ಟ.

ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯಂಥ ಕಡೆ ಸ್ವಯಂಸೇವಕರಾಗಿ ಧೂಳು ಕುಡಿದು ಅಭ್ಯಾಸವಿರುವವರಿಗೆ ಈ ಕೋರ್ಸಿನ ಸಾಗಣೆ ಭಾಗ ಖಂಡಿತ ಉಪಯೋಗಕ್ಕೆ ಬರುತ್ತದೆ. ಉಳಿದವರು ಅರ್ಜಿ ಹಾಕುವ ಮೊದಲು, ಹಿಂದಿನ ವರ್ಷದ ವಿದ್ಯಾರ್ಥಿಗಳು ಎಲ್ಲೆಲ್ಲಿ ತರಬೇತಿ ಪಡೆದರೆಂಬ ಪಟ್ಟಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ, ನಾನು ಕೇಳಿರಲಿಲ್ಲ.