ನುಮಾರ್ಕ್ ಪಿಟಿ01 ಸ್ಕ್ರ್ಯಾಚ್: ಮಲೆನಾಡಿನ ಹುಡುಗರಿಗೆ ಮೊದಲ ಟರ್ನ್‌ಟೇಬಲ್ ಇದೇ ಆಗಲಿ

ಶಿವಮೊಗ್ಗದಲ್ಲಿ ಡಿಜೆ ಆಗಬೇಕು ಅನ್ನುವ ಹುಡುಗರಿಗೇನು ಕಮ್ಮಿ ಇಲ್ಲ. ಮದುವೆ ರಿಸೆಪ್ಶನ್, ಕಾಲೇಜ್ ಫೆಸ್ಟ್, ಗಣಪತಿ ಬಿಡುವ ದಿನ, ಎಲ್ಲಾದರೂ ಕೆಲಸ ಸಿಗುತ್ತದೆ. ಹೆಚ್ಚಿನವರು ಕಂಟ್ರೋಲರ್‌ನಲ್ಲೇ, ಅಂದರೆ ಲ್ಯಾಪ್‌ಟಾಪ್‌ಗೆ ಜೋಡಿಸುವ ಡಿಜೆ ಮೆಷಿನ್‌ನಲ್ಲೇ ಕಲಿತವರು. ಎರಡು ಹಾಡಿನ ವೇಗ ತಾನಾಗೇ ಹೊಂದಿಸುವ ಸಿಂಕ್ ಬಟನ್ ಒತ್ತಿ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವುದು ಚೆನ್ನಾಗಿ ಬರುತ್ತದೆ. ಆದರೆ ತಿರುಗುವ ರೆಕಾರ್ಡ್ ಮೇಲೆ ಕೈ ಇಟ್ಟು, ಅದನ್ನು ಹಿಂದೆ ಮುಂದೆ ಆಡಿಸಿ ಶಬ್ದ ಹೊರಡಿಸುವುದು, ಅಂದರೆ ಸ್ಕ್ರ್ಯಾಚ್ ಮಾಡುವುದು ಬೇರೆಯದೇ ವಿದ್ಯೆ, ಅದಕ್ಕೆ ಕೈ ಪಳಗಬೇಕು. ಅದನ್ನು ಕಲಿಯುವ ಆಸೆ ಇರುವವರು ವಿನೋಬನಗರದಲ್ಲಿ ನಾವು ಒಂದಿಷ್ಟು ಜನ ಭಾನುವಾರ ಸೇರುತ್ತೇವೆ. ನಮ್ಮೆಲ್ಲರ ಕೈಯಲ್ಲೂ ಓಡಾಡಿದ ಮೆಷಿನ್ ಈ ನುಮಾರ್ಕ್ ಪಿಟಿ01 ಸ್ಕ್ರ್ಯಾಚ್, ಎತ್ತಿಕೊಂಡು ಹೋಗಬಹುದಾದ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ತಿರುಗಿಸುವ ಮೆಷಿನ್. ಕಲಿಯುವವರಿಗೆ ಇದನ್ನು ಬಿಟ್ಟು ಬೇರೆ ಹೇಳಲು ನನಗೆ ಮನಸ್ಸಿಲ್ಲ.

ಕಾರಣ ಸರಳ. ಪೂರ್ತಿ ಸೆಟಪ್ ಅಂದರೆ ಎರಡು ಟರ್ನ್‌ಟೇಬಲ್, ಅವೆರಡರ ಶಬ್ದ ಬೆರೆಸುವ ಒಂದು ಮಿಕ್ಸರ್. ಡಿಜೆಗಳ ಹೆಸರುವಾಸಿ ಟೇಬಲ್ ಟೆಕ್ನಿಕ್ಸ್ ಎಸ್ಎಲ್-1200 ಜೋಡಿ ತಗೊಂಡರೆ ಲಕ್ಷ ದಾಟುತ್ತದೆ. ಹದಿನೆಂಟು ವರ್ಷದ ಹುಡುಗ ಅಪ್ಪನ ಹತ್ತಿರ ಅಷ್ಟು ದುಡ್ಡು ಕೇಳುವುದು ಹೇಗೆ ಹೇಳಿ. ಪಿಟಿ01 ಸ್ಕ್ರ್ಯಾಚ್‌ನಲ್ಲಿ ಟೇಬಲ್ ಒಂದೇ, ಆದರೆ ಶಬ್ದ ಕತ್ತರಿಸುವ ಸ್ವಿಚ್ ಅದರಲ್ಲೇ ಇದೆ. ಸ್ಪೀಕರ್ ಅದರಲ್ಲೇ ಇದೆ. ಹೆಡ್‌ಫೋನ್ ಹಾಕಿಕೊಂಡರೆ ಮನೆಯವರ ನಿದ್ದೆಯೂ ಕೆಡುವುದಿಲ್ಲ. ಮುಖ್ಯವಾಗಿ ಇದು ಆರು ದಪ್ಪ ಶೆಲ್‌ಗಳ ಮೇಲೆ ಓಡುತ್ತದೆ, ಹಳೇ ದೊಡ್ಡ ಟಾರ್ಚಿಗೆ ಹಾಕುತ್ತಿದ್ದೆವಲ್ಲ, ಅದೇ ಶೆಲ್ಲು. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ನಮ್ಮ ಗುಂಪಿನ ತೀರ್ಥಹಳ್ಳಿ ಕಡೆಯ ಹುಡುಗ ಮಳೆಗಾಲದ ಸಂಜೆಗಳಲ್ಲೇ ಜಾಸ್ತಿ ಕಲಿತ. ಕಂಟ್ರೋಲರ್, ಲ್ಯಾಪ್‌ಟಾಪ್ ನಂಬಿಕೊಂಡಿದ್ದರೆ ಸುಮ್ನೆ ಕೂತಿರಬೇಕಿತ್ತು.

ಇನ್ನೊಂದು ನನಗೆ ತುಂಬಾ ಇಷ್ಟ. ಫೋನಿನಿಂದ ಕೇಬಲ್ ಹಾಕಿ ಬೀಟ್ ಕೊಡಬಹುದು, ಅದರ ಮೇಲೆ ಸ್ಕ್ರ್ಯಾಚ್ ಮಾಡಬಹುದು. ಬರೀ ಹಿಪ್‌ಹಾಪ್ ಬೀಟೇ ಆಗಬೇಕು ಅಂತೇನಿಲ್ಲ. ನಮ್ಮ ಹುಡುಗರು ಸಾಗರದ ಕಡೆಯ ಡೊಳ್ಳು ಕುಣಿತವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಅದರ ಮೇಲೆ ಎಲ್ಲಕ್ಕಿಂತ ಸುಲಭದ ಬೇಬಿ ಸ್ಕ್ರ್ಯಾಚ್ ಮಾಡುತ್ತಾರೆ. ಡೊಳ್ಳಿನ ಪೆಟ್ಟಿಗೆ ಸರಿಯಾಗಿ ಕೈ ಬೀಳದಿದ್ದರೆ ತಕ್ಷಣ ಕಿವಿಗೆ ಗೊತ್ತಾಗುತ್ತದೆ. ಲಯ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ನೋಡಿಲ್ಲ.

ಬೇಬಿ ಅಂದರೆ ಸ್ವಿಚ್ ಮುಟ್ಟದೆ ರೆಕಾರ್ಡನ್ನು ಹಿಂದೆ ಮುಂದೆ ಎಳೆಯುವುದು, ಅಷ್ಟೇ. ಅದು ಕೈಗೆ ಕೂತ ಮೇಲೆ ಚರ್ಪ್. ಮುಂದೆ ತಳ್ಳುವಾಗ ಕೊನೆಗೆ ಸ್ವಿಚ್ ಮುಚ್ಚಬೇಕು, ಹಿಂದೆ ಎಳೆಯುವಾಗ ತೆಗೆಯಬೇಕು, ಆಗ ಹಕ್ಕಿ ಕೂಗಿದ ಹಾಗೆ ಚಿಕ್ಕದಾಗಿ ಕೇಳುತ್ತದೆ. ಆಮೇಲೆ ಸ್ವಿಚ್ ಬೇಗ ಬೇಗ ಆಡಿಸಬೇಕಾದ ಕಷ್ಟದ ಸ್ಕ್ರ್ಯಾಚ್‌ಗಳು: ಟ್ರಾನ್ಸ್‌ಫಾರ್ಮರ್, ಫ್ಲೇರ್, ಕ್ರ್ಯಾಬ್. ಮೊದಲ ವಾರವೇ ಕ್ರ್ಯಾಬ್‌ಗೆ ಕೈ ಹಾಕಬೇಡಿ ಅಂತ ಎಷ್ಟು ಹೇಳಿದರೂ ಹುಡುಗರು ಕೇಳುವುದಿಲ್ಲ! ಸ್ಕ್ರ್ಯಾಚ್ ಹುಟ್ಟಿದ್ದೇ ಒಬ್ಬ ಹುಡುಗನ ಕೋಣೆಯಲ್ಲಿ, 1970ರ ದಶಕದ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಆ ಹುಡುಗ, ಡಿಜೆ ಗ್ರ್ಯಾಂಡ್ ವಿಝರ್ಡ್ ಥಿಯೋಡರ್, ಹೇಳುವ ಪ್ರಕಾರ ಸೌಂಡ್ ಕಮ್ಮಿ ಮಾಡು ಅಂತ ಅಮ್ಮ ಬೈಯುತ್ತಿದ್ದಾಗ ಅವನು ರೆಕಾರ್ಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ, ಹಿಂದೆ ಮುಂದೆ ಆಡಿಸಿದ, ಬಂದ ಶಬ್ದ ಇಷ್ಟವಾಯಿತು. ಮಗ ಕೋಣೆಯಲ್ಲಿ ಏನು ಕಿರಿಕಿರಿ ಮಾಡುತ್ತಾನೆ ಅನ್ನುವ ತಂದೆತಾಯಿಗೆ ಇದನ್ನು ಹೇಳಿ ನೋಡಿ.

ಈಗ ಕೊರತೆಗಳು. ಇದು ಬೆಲ್ಟ್ ಡ್ರೈವ್, ಅಂದರೆ ರೆಕಾರ್ಡ್ ಕೂರುವ ತಟ್ಟೆಯನ್ನು ಮೋಟರ್ ಒಂದು ಬೆಲ್ಟ್ ಮೂಲಕ ತಿರುಗಿಸುತ್ತದೆ. ಮೋಟರ್ ನೇರವಾಗಿ ತಟ್ಟೆ ತಿರುಗಿಸುವ ಟೆಕ್ನಿಕ್ಸ್‌ನಂಥ ಡೈರೆಕ್ಟ್ ಡ್ರೈವ್‌ನಲ್ಲಿ ಮೇಲೆ ರೆಕಾರ್ಡ್ ಹಿಡಿದರೂ ಕೆಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ. ಇಲ್ಲಿ ಮೋಟರ್‌ಗೆ ಅಷ್ಟು ಶಕ್ತಿ ಇಲ್ಲ, ಗಟ್ಟಿಯಾಗಿ ಒತ್ತಿದರೆ ತಟ್ಟೆಯೇ ನಿಧಾನವಾಗುತ್ತದೆ. ರೆಕಾರ್ಡ್ ಸಲೀಸಾಗಿ ಜಾರಲೆಂದು ಅಡಿಗೆ ಹಾಕುವ ಬಟ್ಟೆ, ಅಂದರೆ ಸ್ಲಿಪ್‌ಮ್ಯಾಟ್ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ದುಂಡಗೆ ಕತ್ತರಿಸಿ ಹಾಕಿ, ಕೈ ಹಗುರ ಇಟ್ಟುಕೊಳ್ಳಿ. ಕೈ ಹಗುರ ಇರಬೇಕು ಅನ್ನುವುದು ಮುಂದೆ ದೊಡ್ಡ ಟೇಬಲ್‌ಗೆ ಹೋದಾಗಲೂ ಬೇಕಾಗುತ್ತದೆ, ಹಾಗಾಗಿ ನನಗೆ ಇದು ದೊಡ್ಡ ತೊಂದರೆ ಅನ್ನಿಸಿಲ್ಲ. ಜೊತೆಗಿರುವ ಸ್ವಿಚ್ ಆನ್-ಆಫ್ ತರದ್ದು, ಶಬ್ದವನ್ನು ಮೆಲ್ಲಗೆ ಏರಿಸಿ ಇಳಿಸಲು ಆಗುವುದಿಲ್ಲ. ಸವೆದರೆ ಬದಲಾಯಿಸಬಹುದು. ಎರಡು ಹಾಡು ಮಿಕ್ಸ್ ಮಾಡುವುದನ್ನು ಇದರಲ್ಲಿ ಕಲಿಯಲು ಸಾಧ್ಯವೇ ಇಲ್ಲ. ಮದುವೆ ಸೀಸನ್‌ಗೆ ಕೆಲಸ ಹಿಡಿಯುವುದೇ ಗುರಿ ಆಗಿದ್ದರೆ ಕಂಟ್ರೋಲರ್ ತಗೊಳ್ಳಿ, ಇದು ಬೇಡ.

ಸ್ಕ್ರ್ಯಾಚ್‌ಗೆಂದೇ ಬರುವ 7 ಇಂಚಿನ ರೆಕಾರ್ಡ್ ಇದಕ್ಕೆ ಸರಿ. ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಹಳೇ ರೆಕಾರ್ಡ್ ಮೇಲೆ ದಯವಿಟ್ಟು ಅಭ್ಯಾಸ ಮಾಡಬೇಡಿ. ಒಂದೇ ಜಾಗದಲ್ಲಿ ಸೂಜಿ ಹಿಂದೆ ಮುಂದೆ ಓಡಿದರೆ ಗೆರೆ ಸವೆದು ಹೋಗುತ್ತದೆ, ಆ ದನಿ ಮತ್ತೆ ಬರುವುದಿಲ್ಲ. ನಮ್ಮ ಕಡೆ ಥಂಡಿಗೆ ರೆಕಾರ್ಡ್‌ಗೂ ಸ್ಲಿಪ್‌ಮ್ಯಾಟ್‌ಗೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ರೆಕಾರ್ಡ್ ಮನೆಯಲ್ಲಿದ್ದರೆ ಅದನ್ನು ಯಾವತ್ತೂ ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ.

ತರಿಸುವವರು ಮೆಷಿನ್ ಜೊತೆಗೇ ಒಂದು ಸೂಜಿ ಜಾಸ್ತಿ ತರಿಸಿ. ನಮ್ಮೂರಲ್ಲಿ ಅದನ್ನು ಹುಡುಕುವುದು ಕಷ್ಟ. ತಗೊಳ್ಳುವ ಮುಂಚೆ ಕೈ ಇಟ್ಟು ನೋಡಬೇಕು ಅನ್ನುವವರು ಭಾನುವಾರ ಬನ್ನಿ, ನಮ್ಮದರ ಮೇಲೆ ನೋಡಬಹುದು.